ಬಲೂನ್ ಒಡೆದ್ರೆ ಬೆರಳು ಬಿಚ್ಚುತ್ತಾ?

1/4
ಹೋದ ವಾರ ಸ್ಟೋರಿಗೆ ಒಂದು ರೀಲ್ ಹಾಕಿದ್ದೆ. ಸ್ಟ್ರೋಕ್ ಆದವರೊಬ್ಬರು ಕಣ್ಣಿಗೆ ವಿಆರ್ ಹೆಡ್‌ಸೆಟ್ ಕಟ್ಕೊಂಡು ಗಾಳಿಯಲ್ಲಿ ಬಲೂನ್ ಒಡೀತಿರೋದು. "ಇದು ಬರೀ ಷೋ" ಅಂತ ಬರೆದಿದ್ದಕ್ಕೆ ಅರ್ಧ ಕ್ಲಾಸ್ ನನ್ನ ಮೇಲೆ ಬಿತ್ತು. "ಬಿಕಾಂ ಓದೋಳಿಗೆ ಮೆಡಿಕಲ್ ಯಾಕಮ್ಮಾ?" ಅಂದ್ರಿ. ಸರಿ. ಆದ್ರೆ ಅಂಥದ್ದೇ ಬಿಲ್ ಕಟ್ಟಿದ್ದು ನಮ್ಮನೆಯವರು, ಬಿಲ್ ಓದೋದು ನನ್ನ ಸಬ್ಜೆಕ್ಟೇ.

ನಮ್ಮ ದೊಡ್ಡಪ್ಪ ಟೈಲರ್. ಸ್ಟ್ರೋಕ್ ಆಗಿ ಬಲಗೈ ಮುಷ್ಟಿ ಕಟ್ಟಿದ್ದು ಬಿಚ್ಚಲೇ ಇಲ್ಲ. ಕತ್ತರಿ ಹಿಡಿಯೋ ಕೈ ಅದು. ಒಂದು ಕ್ಲಿನಿಕ್‌ನವರು ವಿಆರ್ ಪ್ಯಾಕೇಜ್ ಹೇಳಿದ್ರು: ಹತ್ತು ಸಿಟ್ಟಿಂಗ್, ದುಡ್ಡು ಮೊದಲೇ. ದೊಡ್ಡಮ್ಮ ಚೀಟಿ ಎತ್ತಿ ಕಟ್ಟಿದ್ರು.

2/4
ಸ್ಕೋರ್ ದಿನಾ ಏರ್ತಿತ್ತು. ಬೆರಳು ಮಾತ್ರ ಹಂಗೇ ಇತ್ತು. ಹೆಂಗೆ ಅಂತ ಕೂತು ನೋಡಿದೆ. ದೊಡ್ಡಪ್ಪ ಭುಜ ಎತ್ತಿ, ಸೊಂಟ ಬಾಗಿಸಿ, ಇಡೀ ಮೈಯನ್ನೇ ಬಲೂನ್ ಕಡೆ ಎಸೀತಿದ್ರು. ಕೈಗೆ ಕಟ್ಟಿದ ಕಂಟ್ರೋಲರ್ ಎಲ್ಲಿದೆ ಅನ್ನೋದಷ್ಟೇ ಆ ಗೇಮ್‌ಗೆ ಗೊತ್ತು. ಯಾವ ಸ್ನಾಯು ಕೆಲಸ ಮಾಡ್ತು ಅಂತ ಅದಕ್ಕೆ ಗೊತ್ತೇ ಆಗಲ್ಲ. ಫಿಸಿಯೋ ಪಕ್ಕದಲ್ಲಿದ್ದಿದ್ರೆ ಭುಜ ಹಿಡಿದು ನೇರ ಕೂರಿಸ್ತಿದ್ರು. ಅವರು ಪಕ್ಕದ ರೂಮಲ್ಲಿ ಇನ್ನೊಬ್ಬರಿಗೆ ಹೆಡ್‌ಸೆಟ್ ಕಟ್ತಿದ್ರು!

ಕಾಸ್ಟಿಂಗ್ ಕ್ಲಾಸಲ್ಲಿ ನಿದ್ದೆ ಮಾಡಿದವರಿಗೆ: ಹೆಡ್‌ಸೆಟ್ ಒಂದ್ಸಲದ ಖರ್ಚು. ಫಿಸಿಯೋ ಅಂದ್ರೆ ತಿಂಗಳು ತಿಂಗಳು ಸಂಬಳ. ಸಂಬಳದ ಗಂಟೆ ಉಳಿಸಿ ಹೆಡ್‌ಸೆಟ್‌ನ ಬ್ಯಾನರ್‌ಗೆ ಹಾಕಿದ್ರೆ ಅದು ಲಾಭದ ಮಾರ್ಜಿನ್, ಚಿಕಿತ್ಸೆ ಅಲ್ಲ.

3/4
"ನೀನು ಟೆಕ್ನಾಲಜಿ ವಿರೋಧಿ" ಅಂದವರೇ, ಇದನ್ನೂ ಓದಿ. ಸ್ನಾಯು ಕೆಲಸ ಶುರು ಮಾಡಿದಾಗ ಅಲ್ಲಿ ಸಣ್ಣ ವಿದ್ಯುತ್ ಸಂಕೇತ ಹುಟ್ಟುತ್ತೆ. ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಅದನ್ನ ಹಿಡೀತಾರೆ, ಅದೇ ಇಎಂಜಿ. ಬೆರಳು ಕಣ್ಣಿಗೆ ಕಾಣೋಷ್ಟು ಅಲುಗದಿದ್ರೂ ಕೆಲವರಲ್ಲಿ ಸಂಕೇತ ಇರುತ್ತೆ. ಬೆರಳು ಬಿಚ್ಚೋ ಸ್ನಾಯುವಿಂದ ಸಂಕೇತ ಬಂದ್ರೆ ಮಾತ್ರ ಪರದೆ ಮೇಲಿನ ಕೈ ಬಿಚ್ಚೋ ಹಾಗೆ ಮಾಡಬಹುದು. ಆಗ ಸೊಂಟ ಬಾಗಿಸಿ ಪಾಯಿಂಟ್ ಹೊಡೆಯೋದು ಅಷ್ಟು ಸುಲಭ ಅಲ್ಲ.

ಇದು ಬರೀ ಕಲ್ಪನೆ ಅಲ್ಲ. ಸ್ವೀಡನ್‌ನ ಚಾಲ್ಮರ್ಸ್ ಯೂನಿವರ್ಸಿಟಿಯ ಮ್ಯಾಕ್ಸ್ ಓರ್ಟಿಜ್ ಕ್ಯಾಟಲಾನ್ ತಂಡ, ಕೈ ಕಳ್ಕೊಂಡು, ಇಲ್ಲದ ಕೈಯ ನೋವಿಂದ ನರಳ್ತಿದ್ದ 14 ಜನರ ಜೊತೆ ಕೆಲಸ ಮಾಡ್ತು. ಉಳಿದ ತೋಳಿನ ಸ್ನಾಯು ಸಂಕೇತದಿಂದಲೇ ಅವರು ಪರದೆ ಮೇಲೆ ಕೈ ಆಡಿಸಿದ್ರು, ಗೇಮೂ ಆಡಿದ್ರು. 12 ಸೆಷನ್ ಆದ ಮೇಲೆ ಕೆಲವು ಅಳತೆಗಳಲ್ಲಿ ನೋವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. 2016ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಹೋಲಿಸೋಕೆ ಬೇರೆ ಗುಂಪು ಇರಲಿಲ್ಲ, ಅದನ್ನೂ ಹೇಳಿಬಿಡ್ತೀನಿ.

4/4
ಈಗ ಬ್ಯಾನರ್ ಹಾಕೋರು ಹೇಳದ ಭಾಗ. ಸ್ಟ್ರೋಕ್‌ಗೆ ವಿಆರ್ ಬಗ್ಗೆ 2017ರ ಕಾಕ್ರೇನ್ ವಿಮರ್ಶೆ 72 ಪ್ರಯೋಗ, 2470 ಜನರ ಲೆಕ್ಕ ಒಟ್ಟಿಗೆ ಇಟ್ಟು ನೋಡ್ತು. ಮಾಮೂಲಿ ಥೆರಪಿ ಬದಲು ವಿಆರ್ ಕೊಟ್ರೆ ಕೈಗೆ ಹೆಚ್ಚಿನ ಲಾಭ ಕಾಣಲಿಲ್ಲ. ಮಾಮೂಲಿ ಥೆರಪಿ ಜೊತೆಗೆ ಸೇರಿಸಿ, ಒಟ್ಟು ಸಮಯ ಜಾಸ್ತಿ ಮಾಡಿದಾಗ ಲಾಭ ಕಾಣ್ತು. "ಬದಲು" ಮತ್ತು "ಜೊತೆಗೆ", ನಮ್ಮ ಚೀಟಿ ದುಡ್ಡು ಹೋಗಿದ್ದು ಈ ಎರಡು ಪದಗಳ ಮಧ್ಯದಲ್ಲಿ.

ನಿಮ್ಮನೇಲಿ ಯಾರಿಗಾದ್ರೂ ಪ್ಯಾಕೇಜ್ ಹೇಳಿದ್ರೆ, ದುಡ್ಡು ಕೊಡೋ ಮುಂಚೆ ಕೇಳಿ: ಪಾಯಿಂಟ್ ಬರೋದು ಯಾವ ಸ್ನಾಯು ಕೆಲಸ ಮಾಡಿದ್ರೆ? ಫಿಸಿಯೋ ಎಷ್ಟು ನಿಮಿಷ ಪಕ್ಕದಲ್ಲಿರ್ತಾರೆ? ಅವರು ಏನಂದ್ರು ಅಂತ ಡಿಎಂ ಮಾಡಿ, ಹೆಸರು ತೆಗೆದು ಹಾಕ್ತೀನಿ.

ದೊಡ್ಡಪ್ಪ ಈಗ ಬೇರೆ ಕಡೆ ಹೋಗ್ತಾರೆ. ಹೆಡ್‌ಸೆಟ್ ಇಲ್ಲ. ಮುಂಗೈಗೆ ಎಲೆಕ್ಟ್ರೋಡ್, ಒಂದು ಹಳೇ ಮೆಷಿನ್, ಭುಜ ಒತ್ತಿ ಹಿಡ್ಕೊಂಡು ನಿಂತ ಫಿಸಿಯೋ ಮೇಡಂ. ಮೊದಲ ದಿನ ಬೆರಳು ಅಲುಗಲಿಲ್ಲ, ಆದ್ರೆ ಸ್ಕ್ರೀನ್ ಮೇಲೆ ಗೆರೆ ಎದ್ದಿತು. "ಅದು ನಂದಾ?" ಅಂತ ದೊಡ್ಡಪ್ಪ ಎರಡು ಸಲ ಕೇಳಿದ್ರು.