ಓದದವರ ಪ್ರತಿಭಟನೆ

2006ರ ಮೇ ತಿಂಗಳ ಭಾನುವಾರಗಳು ತಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಬಲಿಪೂಜೆ ಮುಗಿದು ಜನ ದೇವಾಲಯದ ಮೆಟ್ಟಿಲಿಳಿಯುವ ಹೊತ್ತಿಗೆ ಅಂಗಳದಲ್ಲೊಂದು ಮೇಜು, ಅದರ ಮೇಲೊಂದು ಕಾಗದದ ಕಟ್ಟು, ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು. ‘ದ ಡಾ ವಿಂಚಿ ಕೋಡ್’ ಚಲನಚಿತ್ರವನ್ನು ನಿಷೇಧಿಸಬೇಕೆಂಬ ಮನವಿಗೆ ಸಹಿ ಸಂಗ್ರಹ ನಡೆದಿತ್ತು. ನಮ್ಮ ಧರ್ಮಕೇಂದ್ರದಲ್ಲಿ ಸರದಿ ಗೇಟಿನವರೆಗೂ ಬೆಳೆದಿತ್ತು. ನಾನೂ ಆ ಸರದಿಯಲ್ಲಿ ನಿಂತು ಸಹಿ ಹಾಕಿದವನೇ. ಆದಕಾರಣ ಮುಂದೆ ಬರೆಯಲಿರುವ ಆಪಾದನೆಯಲ್ಲಿ ಮೊದಲ ಪಾಲು ನನ್ನದು. ನನ್ನ ಮುಂದಿದ್ದ ಕಾಲೇಜು ಹುಡುಗನೊಬ್ಬ ಮೇಜಿನ ಹಿಂದೆ ಕುಳಿತಿದ್ದ ಹಿರಿಯರನ್ನು ಕೇಳಿದ: “ಅಂಕಲ್, ಆ ಪುಸ್ತಕದಲ್ಲಿ ಅಂಥದ್ದೇನಿದೆ?” ಅವರು ತಲೆ ಎತ್ತದೆ, “ಓದುವಂಥದ್ದಲ್ಲಪ್ಪ ಅದು, ಸಹಿ ಹಾಕು” ಎಂದರು. ಹುಡುಗ ಸಹಿ ಹಾಕಿದ. ಅದೇ ವಾರ ಪುಸ್ತಕವನ್ನು ಸ್ನೇಹಿತನಿಂದ ಪಡೆದು ಎರಡು ರಾತ್ರಿಗಳಲ್ಲಿ ಓದಿ ಮುಗಿಸಿದನೆಂದು ಆಮೇಲೆ ಅವನೇ ನನಗೆ ಹೇಳಿದ.

ಆ ಹುಡುಗನ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಆ ಅಂಗಳದಲ್ಲಿ ಒಬ್ಬರೂ ಇರಲಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಕ್ರೈಸ್ತ ವಿಶ್ವಾಸವನ್ನು ಕುರಿತು, ಅದರ ಪರವಾಗಿಯೂ ವಿರುದ್ಧವಾಗಿಯೂ, ಜಗತ್ತೇ ಓದಿದ ಕೃತಿಗಳು ಬಂದವು. ಅವುಗಳಲ್ಲಿ ನಮ್ಮ ಬೀದಿಗಳಲ್ಲಿ ಹೆಸರು ಕೇಳಿಸಿದ್ದು ಬಹುಮಟ್ಟಿಗೆ ಒಂದರದೇ. ನಮ್ಮನ್ನು ನೋಯಿಸಿದ ಪುಸ್ತಕದ ಹೆಸರನ್ನು ನಾವು ಕಂಠಪಾಠ ಮಾಡಿದೆವು. ನಮ್ಮನ್ನು ಪೋಷಿಸಬಹುದಾಗಿದ್ದ ಪುಸ್ತಕಗಳ ಹೆಸರೂ ನಮಗೆ ತಿಳಿಯಲಿಲ್ಲ. ನನ್ನ ದೂರು ಇಷ್ಟೇ. ಇದು ಸಣ್ಣ ದೂರಲ್ಲವೆಂದು ನನ್ನ ಭಾವನೆ.

ಆ ಕಾದಂಬರಿಯ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. ಡ್ಯಾನ್ ಬ್ರೌನ್ ಅದನ್ನು ಪ್ರಕಟಿಸಿದ್ದು 2003ರಲ್ಲಿ. ಚಲನಚಿತ್ರ ಬಂದಾಗ ಗೋವಾ, ಪಂಜಾಬ್, ನಾಗಾಲ್ಯಾಂಡ್, ತಮಿಳುನಾಡು, ಆಂಧ್ರಪ್ರದೇಶ ಸರ್ಕಾರಗಳು ನಿಷೇಧ ಹೇರಿದವು. ಆಂಧ್ರದ ನಿಷೇಧಾಜ್ಞೆಯನ್ನು ಅಲ್ಲಿನ ಉಚ್ಚ ನ್ಯಾಯಾಲಯವೇ ರದ್ದುಪಡಿಸಿತು. ಇಷ್ಟೆಲ್ಲ ಗದ್ದಲದ ನಡುವೆ ಕಾದಂಬರಿಯ ಇತಿಹಾಸ ಎಷ್ಟು ಪೊಳ್ಳೆಂಬುದನ್ನು ನಮ್ಮ ಜನರಿಗೆ ತಿಳಿಸಿದವರೆಷ್ಟು ಮಂದಿ? ಕ್ರಿ.ಶ. 325ರ ನೈಸಿಯಾ ಮಹಾಸಭೆಯಲ್ಲಿ ಮತ ಹಾಕಿ ಯೇಸುವನ್ನು ದೇವರನ್ನಾಗಿ ಮಾಡಲಾಯಿತೆಂದು ಅದರ ಪಾತ್ರವೊಂದು ಹೇಳುತ್ತದೆ. ಅಲ್ಲಿ ಚರ್ಚೆಯಾದದ್ದು ಆರಿಯುಸನ ಬೋಧನೆ. ಸುತನು ಪಿತನೊಡನೆ ಏಕಸ್ವರೂಪಿಯೇ, ಅಥವಾ ಸೃಷ್ಟಿಗಳಲ್ಲಿ ಅತ್ಯುನ್ನತನೇ ಎಂಬುದು. ಕ್ರಿಸ್ತನನ್ನು ಆರಾಧಿಸುವ ಪದ್ಧತಿ ಅದಕ್ಕಿಂತ ಬಹಳ ಹಿಂದಿನದು. ಶುಭಸಂದೇಶಗಳನ್ನು ಚಕ್ರವರ್ತಿ ಕಾನ್‌ಸ್ಟಂಟೈನ್ ಆರಿಸಿದನೆಂಬುದೂ ಹಾಗೆಯೇ. ಅವನು ಹುಟ್ಟುವುದಕ್ಕೆ ಮೊದಲೇ, ಸುಮಾರು ಕ್ರಿ.ಶ. 180ರಲ್ಲಿ, ಲಿಯಾನ್ ನಗರದ ಧರ್ಮಾಧ್ಯಕ್ಷ ಐರೇನಿಯುಸ್ ಶುಭಸಂದೇಶಗಳು ನಾಲ್ಕೇ ಎಂದು ಬರೆದಿದ್ದರು. ಕಾದಂಬರಿಯಲ್ಲಿ ಶತಮಾನಗಳ ರಹಸ್ಯ ಕಾಯುವ ‘ಪ್ರಯರಿ ಆಫ್ ಸಿಯೋನ್’ ಎಂಬ ಸಂಘವನ್ನು ಫ್ರಾನ್ಸಿನ ಪಿಯೆರ್ ಪ್ಲಾಂತಾರ್ ಎಂಬಾತ ನೋಂದಾಯಿಸಿದ್ದು 1956ರಲ್ಲಿ. ಇದಿಷ್ಟನ್ನು ಹೇಳಲು ಒಂದು ಭಾನುವಾರದ ಪ್ರಬೋಧನೆ ಸಾಕಿತ್ತು. ಆ ಭಾನುವಾರ ನಮ್ಮಲ್ಲಿ ಬರಲಿಲ್ಲ. ಮೇಜು ಬಂತು, ಪೆನ್ನು ಬಂತು.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಹೇಳುತ್ತೇನೆ. ಮಗ್ದಲದ ಮರಿಯಳ ಬಗ್ಗೆ ಆ ಕಾದಂಬರಿ ಕಟ್ಟಿದ ಕಥೆ ಸುಳ್ಳು. ಆದರೆ ನಾವು ಶತಮಾನಗಳಿಂದ ಹೇಳುತ್ತ ಬಂದ ಕಥೆಯಾದರೂ ನಿಜವೇ? ಲೂಕನ ಶುಭಸಂದೇಶದ ಎಂಟನೆಯ ಅಧ್ಯಾಯ ತೆರೆದು ನೋಡಿ. ಏಳು ದೆವ್ವಗಳಿಂದ ಬಿಡುಗಡೆ ಹೊಂದಿ, ತನ್ನ ಆಸ್ತಿಯಿಂದ ಯೇಸುವಿಗೂ ಶಿಷ್ಯರಿಗೂ ಉಪಚರಿಸಿದ ಸ್ತ್ರೀಯರಲ್ಲಿ ಅವಳೊಬ್ಬಳು. ಯೊವಾನ್ನನ ಇಪ್ಪತ್ತನೆಯ ಅಧ್ಯಾಯದಲ್ಲಿ ಪುನರುತ್ಥಾನಿಯನ್ನು ಮೊದಲು ಕಂಡವಳು ಅವಳು. ಅವಳು ವೇಶ್ಯೆಯೆಂದು ಹೇಳುವ ಒಂದೇ ಒಂದು ವಾಕ್ಯ ಶ್ರೀಗ್ರಂಥದಲ್ಲಿಲ್ಲ. 591ರಲ್ಲಿ ಜಗದ್ಗುರು ಮಹಾ ಗ್ರೆಗೊರಿಯವರು ತಮ್ಮ ಪ್ರಬೋಧನೆಯೊಂದರಲ್ಲಿ ಅವಳನ್ನೂ ಲೂಕನ ಏಳನೆಯ ಅಧ್ಯಾಯದ ಹೆಸರಿಲ್ಲದ ಪಾಪಿ ಸ್ತ್ರೀಯನ್ನೂ ಒಂದಾಗಿಸಿದರು. ಪಶ್ಚಿಮದ ಧರ್ಮಸಭೆ ಅದನ್ನೇ ನಂಬಿ ನಡೆಯಿತು. 2016ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರ ಇಚ್ಛೆಯಂತೆ ಜುಲೈ 22ರ ಅವಳ ಸ್ಮರಣೆ ಪ್ರೇಷಿತರ ಹಬ್ಬಗಳಿಗೆ ಸಮನಾದ ಹಬ್ಬವಾಯಿತು. ಒಬ್ಬ ಸಾಧ್ವಿಯನ್ನು ಸಾವಿರದ ನಾನೂರು ವರ್ಷ ತಪ್ಪು ಹೆಸರಿನಿಂದ ಕರೆದವರಿಗೆ, ಮತ್ತೊಬ್ಬನು ಅವಳ ಬಗ್ಗೆ ಇನ್ನೊಂದು ತಪ್ಪು ಕಥೆ ಹೇಳಿದಾಗ ಕೋಪಗೊಳ್ಳುವ ಅಧಿಕಾರ ಎಷ್ಟಿದೆಯೆಂದು ತಾವೇ ಯೋಚಿಸಿ. ಕಾದಂಬರಿಯನ್ನು ಓದಿದ್ದರೆ ಈ ಪ್ರಶ್ನೆ ನಮಗೆ ಅಂದೇ ಎದುರಾಗುತ್ತಿತ್ತು.

ಅದೇ ದಶಕದಲ್ಲಿ ನಾವು ಕಾಣದೆ ಬಿಟ್ಟ ಪುಸ್ತಕಗಳು ಯಾವುವು?

2004ರಲ್ಲಿ ಅಮೆರಿಕದ ಲೇಖಕಿ ಮೆರಿಲಿನ್ ರಾಬಿನ್‌ಸನ್ ‘ಗಿಲಿಯಡ್’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಹಿಂದಿನ ಕಾದಂಬರಿಗೂ ಇದಕ್ಕೂ ನಡುವೆ ಇಪ್ಪತ್ತನಾಲ್ಕು ವರ್ಷಗಳ ಅಂತರ. ಮರುವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. 1956ರಲ್ಲಿ ಅಯೋವಾ ಪ್ರಾಂತದ ಸಣ್ಣ ಊರೊಂದರಲ್ಲಿ ಎಪ್ಪತ್ತಾರು ವರ್ಷದ ಪ್ರೊಟೆಸ್ಟೆಂಟ್ ಸಭಾಪಾಲಕ ಜಾನ್ ಏಮ್ಸ್, ಹೃದ್ರೋಗದಿಂದ ತನಗೆ ಹೆಚ್ಚು ದಿನಗಳಿಲ್ಲವೆಂದು ತಿಳಿದು, ಇನ್ನೂ ಏಳು ತುಂಬದ ಮಗನಿಗೆ ಅವನು ದೊಡ್ಡವನಾದ ಮೇಲೆ ಓದಲೆಂದು ಪತ್ರ ಬರೆಯುತ್ತಾನೆ. ಇಡೀ ಕಾದಂಬರಿ ಆ ಪತ್ರ. ಕೊಲೆಯಿಲ್ಲ, ರಹಸ್ಯ ಸಂಘವಿಲ್ಲ. ಮೇಲಟ್ಟದ ಪೆಟ್ಟಿಗೆಗಳಲ್ಲಿ ಜೀವಮಾನವಿಡೀ ಬರೆದ ಪ್ರಬೋಧನೆಗಳಿವೆ. ಅವುಗಳಲ್ಲಿಲ್ಲದ ಒಂದು, ಯುದ್ಧವನ್ನೂ 1918ರ ಇನ್‌ಫ್ಲುಯೆಂಜಾವನ್ನೂ ಕುರಿತದ್ದು, ಹೇಳಬೇಕಾಗಿದ್ದ ಹಿಂದಿನ ರಾತ್ರಿ ಅವನೇ ಸುಟ್ಟುಹಾಕಿದ್ದು. ತಾನು ಬರೆದವುಗಳಲ್ಲಿ ಉಳಿಸಿಕೊಳ್ಳಬೇಕಾಗಿದ್ದುದು ಅದೊಂದೇ ಎಂದು ಮುದುಕನಾದ ಮೇಲೆ ಅವನಿಗೆ ಅನ್ನಿಸುತ್ತದೆ. ಗೆಳೆಯನ ಮಗ ಜ್ಯಾಕ್ ಊರಿಗೆ ಮರಳಿದಾಗ ಇದೇ ಒಳ್ಳೆಯ ಸಭಾಪಾಲಕ ಅವನನ್ನು ಕ್ಷಮಿಸಲಾಗದೆ ಪುಟಗಟ್ಟಲೆ ಒದ್ದಾಡುತ್ತಾನೆ. ಕೊನೆಗೆ ಬಸ್ಸು ಕಾಯುತ್ತಿದ್ದ ಅವನ ಹಣೆಯ ಮೇಲೆ ಕೈಯಿಟ್ಟು ಆಶೀರ್ವದಿಸುತ್ತಾನೆ. ಕ್ಷಮೆ ಎಷ್ಟು ಕಷ್ಟದ ಕೆಲಸವೆಂದು ಇಷ್ಟು ಪ್ರಾಮಾಣಿಕವಾಗಿ ಹೇಳಿದ ಪ್ರಬೋಧನೆಯನ್ನು ನಾನಂತೂ ಯಾವ ದೇವಾಲಯದಲ್ಲೂ ಕೇಳಿಲ್ಲ. ಬರೆದವರು ಕಥೋಲಿಕರಲ್ಲ ಎಂಬ ಕಾರಣಕ್ಕೆ ಹೆದರಬೇಕಾಗಿಲ್ಲ.

2007ರಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟ್‌ರವರ ‘ನಜರೇತಿನ ಯೇಸು’ ಗ್ರಂಥದ ಮೊದಲ ಸಂಪುಟ ಬಂತು. ಇದು ಧರ್ಮಸಭೆಯ ಅಧಿಕೃತ ಬೋಧನೆಯಲ್ಲ, ಪ್ರಭುವಿನ ಮುಖವನ್ನು ಅರಸುವ ತಮ್ಮ ಸ್ವಂತ ಪ್ರಯತ್ನ, ಇದನ್ನು ವಿರೋಧಿಸಲು ಯಾರೂ ಸ್ವತಂತ್ರರು ಎಂದು ಅವರು ಮುನ್ನುಡಿಯಲ್ಲೇ ತಿಳಿಸಿದ್ದಾರೆ. ಜಗದ್ಗುರುಗಳ ಪೀಠದಲ್ಲಿ ಕುಳಿತವರು ವಾದಕ್ಕೆ ಬನ್ನಿ ಎಂದು ಓದುಗರನ್ನು ಕರೆದರು! ಪರ್ವತ ಪ್ರಸಂಗವನ್ನು ಕುರಿತ ಅಧ್ಯಾಯದಲ್ಲಿ, ಯೇಸುವಿನ ಮಾತುಗಳನ್ನು ಗೌರವದಿಂದ ಕೇಳಿಯೂ ಹಿಂಬಾಲಿಸಲೊಲ್ಲದ ಯೆಹೂದಿ ಪಂಡಿತ ಜೇಕಬ್ ನ್ಯೂಸ್ನರ್‌ರೊಡನೆ ಅವರು ನಡೆಸುವ ಸಂವಾದ ಓದಲೇಬೇಕಾದದ್ದು. ವಿರೋಧಿಯ ಪುಸ್ತಕವನ್ನು ಪೂರ್ತಿ ಓದಿ ಉತ್ತರ ಕೊಡುವುದು ಹೇಗೆಂಬ ಪಾಠ ಅಲ್ಲಿದೆ. ರಿಚರ್ಡ್ ಡಾಕಿನ್ಸ್‌ರ ‘ದ ಗಾಡ್ ಡೆಲ್ಯೂಷನ್’ ಬಂದದ್ದು ಅದರ ಹಿಂದಿನ ವರ್ಷ. ನಮ್ಮ ಯುವಕರು ಡಾಕಿನ್ಸ್‌ರನ್ನು ಓದಿದರು, ಬೆನೆಡಿಕ್ಟ್‌ರನ್ನು ಓದಲಿಲ್ಲವೆಂದು ಹಿರಿಯರು ದೂರುತ್ತಾರೆ. ಆ ಹಿರಿಯರು ಓದಿದ್ದು ಯಾರನ್ನು?

ಈಗ ನನ್ನ ಮನಸ್ಸನ್ನು ಬಹಳವಾಗಿ ಕಾಡುವ ಪುಸ್ತಕಕ್ಕೆ ಬರುತ್ತೇನೆ. ಮದರ್ ತೆರೇಸಾರವರು ತೀರಿಕೊಂಡು ಹತ್ತು ವರ್ಷಗಳಾದಾಗ, 2007ರ ಸೆಪ್ಟೆಂಬರಿನಲ್ಲಿ, ಅವರ ಆಂತರಿಕ ಪತ್ರಗಳು ‘ಕಮ್ ಬಿ ಮೈ ಲೈಟ್’ ಎಂಬ ಹೆಸರಿನಲ್ಲಿ ಪ್ರಕಟವಾದವು. ಸಂಪಾದಿಸಿದವರು ಅವರ ಸಂತ ಪದವಿಯ ಪ್ರಕ್ರಿಯೆಯನ್ನು ನಡೆಸುತ್ತಿದ್ದ ಫಾದರ್ ಬ್ರಯಾನ್ ಕೊಲೊಡಿಚುಕ್. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗ್‌ಗೆ ಹೋಗುವ ರೈಲಿನಲ್ಲಿ ಅವರು ಕೇಳಿದ ಕರೆಯನ್ನು ನಾವೆಲ್ಲ ಬಲ್ಲೆವು. ಕೊಲ್ಕತ್ತಾದ ಬೀದಿಗಳಲ್ಲಿ ಕೆಲಸ ಆರಂಭವಾದ ಸ್ವಲ್ಪ ಕಾಲಕ್ಕೇ ಅವರ ಆತ್ಮದಲ್ಲಿ ಕತ್ತಲು ಕವಿಯಿತೆಂಬುದನ್ನು, 1958ರ ಕೆಲವೇ ವಾರಗಳನ್ನು ಬಿಟ್ಟರೆ ಅದು ಕೊನೆಯವರೆಗೂ ತೊಲಗಲಿಲ್ಲವೆಂಬುದನ್ನು ಈ ಪತ್ರಗಳು ತೋರಿಸಿದವು. ಅವರು ಪ್ರಾರ್ಥಿಸುತ್ತಿದ್ದರು, ನಗುತ್ತಿದ್ದರು, ಸಾಯುವವರನ್ನು ಎತ್ತಿಕೊಳ್ಳುತ್ತಿದ್ದರು. ಒಳಗೆ ದೇವರು ಇಲ್ಲವೇನೋ ಎಂಬ ಶೂನ್ಯ. ಪತ್ರಗಳನ್ನು ನಾಶಪಡಿಸಿರೆಂದು ಅವರು ಮತ್ತೆ ಮತ್ತೆ ಕೇಳಿಕೊಂಡರು. ಮಹಾಧರ್ಮಾಧ್ಯಕ್ಷ ಪೆರಿಯೆ ಮತ್ತಿತರ ಗುರುಗಳು ನಾಶಪಡಿಸಲಿಲ್ಲ. ನಮ್ಮ ದೇಶದಲ್ಲೇ, ಪುಣೆಯಲ್ಲಿ ದೈವಶಾಸ್ತ್ರ ಬೋಧಿಸುತ್ತಿದ್ದ ಯೇಸುಸಭೆಯ ಫಾದರ್ ಜೋಸೆಫ್ ನಾಯ್ನರ್, ದೇವರಿಗಾಗಿ ಇಷ್ಟು ಹಂಬಲಿಸುವುದೇ ದೇವರು ಒಳಗಿದ್ದಾನೆಂಬುದಕ್ಕೆ ಸಾಕ್ಷಿಯೆಂದು ಅವರಿಗೆ ತಿಳಿಸಿಕೊಟ್ಟರು. ಅಲ್ಲಿಂದ ಆ ಕತ್ತಲನ್ನೇ ಅವರು ಪ್ರೀತಿಸತೊಡಗಿದರು.

ಕ್ರಿಸ್ಟೋಫರ್ ಹಿಚನ್ಸ್‌ರಂಥ ನಾಸ್ತಿಕರು ಈ ಪತ್ರಗಳನ್ನು ತಮ್ಮ ಪರವಾದ ಸಾಕ್ಷ್ಯವೆಂದು ಎತ್ತಿ ಹಿಡಿದರು. ಅವರು ಓದಿದ್ದರು, ಅದಕ್ಕೆ ಹಿಡಿದರು. ನಾವೇನು ಮಾಡಿದೆವು? 2016ರ ಸೆಪ್ಟೆಂಬರ್ 4ರಂದು ಅವರು ಸಂತರೆಂದು ಘೋಷಿತರಾದಾಗ ನೀಲಿ ಅಂಚಿನ ಸೀರೆಯುಟ್ಟ ಪ್ರತಿಮೆಗಳನ್ನು ಅಲಂಕರಿಸಿದೆವು, ಮಕ್ಕಳಿಗೆ ವೇಷ ಹಾಕಿಸಿದೆವು. ಕತ್ತಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. “ಸಾಮಾನ್ಯ ಜನರಿಗೆ ಇದೆಲ್ಲ ಅರ್ಥವಾಗುವುದಿಲ್ಲ, ಅವರ ವಿಶ್ವಾಸ ಅಲುಗಾಡುತ್ತದೆ” ಎಂದು ನನಗೆ ಬೇಕಾದವರೊಬ್ಬರೇ ಹೇಳಿದರು.

ಆ ಸಾಮಾನ್ಯ ಜನರಲ್ಲೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಬೆಳೆದ ಮಗನನ್ನು ಅಪಘಾತದಲ್ಲಿ ಕಳೆದುಕೊಂಡ ತಾಯಿ. ಒಂದು ದಿನವೂ ಬಲಿಪೂಜೆ ತಪ್ಪಿಸದವರು. ಒಮ್ಮೆ ನಮ್ಮ ಜಗಲಿಯಲ್ಲಿ ಕುಳಿತು, “ಮೇಷ್ಟ್ರೇ, ಜಪಸರ ಕೈಯಲ್ಲಿ ಓಡುತ್ತೆ, ಬಾಯಿ ಹೇಳುತ್ತೆ, ಒಳಗೆ ಮಾತ್ರ ಯಾರೂ ಇಲ್ಲ. ಇಂಥವಳು ಪ್ರಸಾದ ತೊಗೋಬಹುದಾ?” ಎಂದರು. ಎಷ್ಟು ವರ್ಷಗಳಿಂದ ಹೀಗೆಂದು ಕೇಳಿದೆ. ಒಂಬತ್ತು ಎಂದರು. ಒಂಬತ್ತು ವರ್ಷ ಆ ತಾಯಿ ತನ್ನನ್ನು ಮಹಾಪಾಪಿಯೆಂದು ಭಾವಿಸಿಕೊಂಡು ಕೊನೆಯ ಬೆಂಚಿನಲ್ಲಿ ಕುಳಿತಿದ್ದರು. ಅದೇ ದೇವಾಲಯದ ಗೋಡೆಯ ಮೇಲೆ, ಅವರಿಗಿಂತ ಐದು ಪಟ್ಟು ಹೆಚ್ಚು ಕಾಲ ಅದೇ ಕತ್ತಲಲ್ಲಿ ನಡೆದ ಸಂತಳ ಚಿತ್ರ ತೂಗುತ್ತಿತ್ತು. ಇಬ್ಬರ ನಡುವೆ ಮಾತು ಬೆಳೆಯದಂತೆ ನೋಡಿಕೊಂಡವರು ನಾವು. ವಿಶ್ವಾಸ ಅಲುಗಾಡಿದ್ದು ಪುಸ್ತಕ ಓದಿ ಅಲ್ಲ.

ಅವೆಲ್ಲ ಇಂಗ್ಲಿಷ್ ಪುಸ್ತಕಗಳು, ನಮ್ಮವರಿಗೆ ಎಟುಕುವುದಿಲ್ಲ ಎಂದು ತಾವು ಆಕ್ಷೇಪಿಸಬಹುದು. ಬಳ್ಳಾರಿಯಲ್ಲಿ ಕುಳಿತು ಜಾನ್ ಹ್ಯಾಂಡ್ಸ್ 1831ರ ಹೊತ್ತಿಗೆ ಇಡೀ ಬೈಬಲ್ಲನ್ನು ಕನ್ನಡಕ್ಕೆ ತರುವಾಗ ಅವರಿಗೆ ಕನ್ನಡ ತಾಯಿನುಡಿಯಾಗಿತ್ತೇ? 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೊಗ್ಲಿಂಗ್, 1894ರಲ್ಲಿ ನಿಘಂಟು ಪ್ರಕಟಿಸಿದ ಕಿಟೆಲ್ ಯಾವ ಅನುಕೂಲದಲ್ಲಿ ದುಡಿದರು? ಅವರ ಪ್ರತಿಮೆ, ಅವರ ಹೆಸರಿನ ಸಭೆಗಳಿಗೆ ನಾವು ಸಿದ್ಧ; ಒಬ್ಬ ಅನುವಾದಕನಿಗೆ ಆರು ತಿಂಗಳ ಸಂಭಾವನೆ ಕೊಡಲು ಹಣವಿಲ್ಲ. ಅದೇ ಹಬ್ಬದ ಶಾಮಿಯಾನಕ್ಕೆ, ದೀಪಾಲಂಕಾರಕ್ಕೆ, ಬ್ಯಾಂಡಿಗೆ ಲೆಕ್ಕವಿಲ್ಲ. ಇನ್ನು ಕನ್ನಡದಲ್ಲೇ ಇರುವುದನ್ನಾದರೂ ಓದಿದೆವೇ? ಶರಾವತಿಯ ಮುಳುಗಡೆಯ ಜನರ ನೋವನ್ನು ಜೀವಮಾನವಿಡೀ ಬರೆದ ಸಾಗರದ ನಾ. ಡಿ’ಸೋಜ ನಮ್ಮವರೇ. ಅವರ ‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿ ಚಲನಚಿತ್ರವಾಗಿಸಿದಾಗ ಅದಕ್ಕೆ ಸ್ವರ್ಣಕಮಲ ಬಂತು, 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯೂ ಅವರಿಗೆ ಬಂತು. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗ ಸಂತಾಪ ಸೂಚಿಸಿದ ಎಷ್ಟು ಮನೆಗಳಲ್ಲಿ ಅವರ ಒಂದು ಕಾದಂಬರಿಯಾದರೂ ಇತ್ತು?

ಪ್ರತಿಭಟಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಪ್ರಭುವಿನ ಹೆಸರು ಹಗುರಾಗಿ ಬಳಕೆಯಾದಾಗ ನೋವಾಗುವುದು ಪ್ರೀತಿಯ ಲಕ್ಷಣ. 2006ರಲ್ಲಿ ಸರದಿಯಲ್ಲಿ ನಿಂತ ಅಜ್ಜಿಯರ ನೋವು ನಿಜವಾದದ್ದು. ಆ ನೋವಿಗೆ ಒಂದು ಕಾಗದದ ಹಾಳೆಯನ್ನಷ್ಟೇ ಕೊಟ್ಟು ಮನೆಗೆ ಕಳುಹಿಸಿದವರ ಮೇಲೆ ನನ್ನ ಸಿಟ್ಟು. ನಮ್ಮ ಧರ್ಮಕೇಂದ್ರದ ಗ್ರಂಥಾಲಯವೆಂದರೆ ಪಾಠದ ಕೋಣೆಯ ಒಂದು ಕಬ್ಬಿಣದ ಕಪಾಟು. ಅದರ ಬೀಗದ ಕೈ ಉಪದೇಶಿಯವರ ಬಳಿ ಇದೆಯೆಂದು ಗುರುಗಳೂ, ಗುರುಗಳ ಬಳಿ ಇದೆಯೆಂದು ಉಪದೇಶಿಯವರೂ ಬಹುಕಾಲ ನಂಬಿದ್ದರು. ಕೊನೆಗೆ ಬೀಗ ಒಡೆಸಿದೆವು. ಒಳಗೆ ಹಳೆಯ ನೊವೇನಾ ಪುಸ್ತಕಗಳು, ಗೆದ್ದಲು, ಮತ್ತು 2006ರ ಮನವಿಯ ಉಳಿದ ಖಾಲಿ ನಮೂನೆಗಳು.

ಆ ನಮೂನೆಗಳ ಹಿಂಬದಿಯಲ್ಲಿ ನಾನೀಗ ಬರೆಯುತ್ತಿದ್ದೇನೆ. ಮದರ್‌ರ ಪತ್ರಗಳನ್ನು ನನಗೆ ಬಂದಷ್ಟು ಕನ್ನಡದಲ್ಲಿ, ವಾರಕ್ಕೆ ನಾಲ್ಕೈದು ಪುಟ. ಅಚ್ಚಿಗೆಂದು ಬರೆದದ್ದಲ್ಲ, ಬುಧವಾರ ಸಂಜೆ ಜಗಲಿಯಲ್ಲಿ ಆ ತಾಯಿಗೆ ಓದಿ ಹೇಳಲಿಕ್ಕೆ. ಮೊದಲ ವಾರ ಅವರೊಬ್ಬರೇ ಇದ್ದರು. ಈಗ ಇನ್ನೂ ಮೂವರು ಬರುತ್ತಾರೆ. ಒಬ್ಬರು ಮನೆಯಲ್ಲಿ ಹೇಳದೆ ಬರುತ್ತಾರಂತೆ. ಕಳೆದ ಬುಧವಾರ 1958ರ ಪತ್ರಗಳವರೆಗೆ ಬಂದೆವು, ಆ ಕೆಲವು ವಾರಗಳ ಬೆಳಕಿನವರೆಗೆ. “ಆಮೇಲೆ ಮತ್ತೆ ಕತ್ತಲಾಯ್ತಾ ಮೇಷ್ಟ್ರೇ?” ಎಂದು ಅವರು ಕೇಳಿದರು. ಆಯ್ತಮ್ಮ ಎಂದೆ. “ಹಾಗಾದರೆ ಮುಂದಿನ ವಾರ ತಪ್ಪದೆ ಓದಿ” ಎಂದು ಹೇಳಿ ಎದ್ದರು.