ರಬ್ಬರು ಬಾತಿನ ವರ್ಧಂತಿ

ಈ ತಿಂಗಳು ವಾಚಕ ಮಹಾಶಯರ ಮುಂದೆ ನಾವು ಬಹು ಅಲ್ಪವಾದ ಒಂದು ವಿಷಯವನ್ನು ಇಡುತ್ತಿದ್ದೇವೆ. ಅಲ್ಪವೆಂದು ಯಾರೂ ಪುಟ ಮಗುಚಬಾರದು. ಹಾಗೆ ಅಲಕ್ಷ್ಯ ಮಾಡಿದ್ದರಿಂದಲೇ ನಮಗೆ ಒಂದು ಸಲ ಪ್ರಾಣಸಂಕಟವಾಯಿತು. ಅದನ್ನು ಮುಂದೆ ಹೇಳುವೆವು.

ನಾವಿರುವುದು ಬಸವಕಲ್ಯಾಣದಲ್ಲಿ, ನಮ್ಮ ಮಗಳನ್ನು ಕೊಟ್ಟಿರುವುದು ಹುಮನಾಬಾದಿಗೆ. ನಡುವೆ ಸಸ್ತಾಪುರ ಬಂಗ್ಲಾ, ರಾಜೇಶ್ವರಗಳನ್ನು ದಾಟಿದರೆ ಊರು ಬಂದೇ ಬಿಟ್ಟಿತು ಎನ್ನುವಷ್ಟು ದಾರಿ. ಕಳೆದ ಚೈತ್ರದಲ್ಲಿ ಮಗಳು ದೂರವಾಣಿಯಲ್ಲಿ, “ಅಪ್ಪಾ, ವೈಶಾಖದಲ್ಲಿ ನಿಮ್ಮ ಮೊಮ್ಮಗಳಿಗೆ ನಾಲ್ಕು ತುಂಬುತ್ತದೆ, ಈ ಸಲ ಬಾತಿನ ಹುಟ್ಟುಹಬ್ಬವೇ ಆಗಬೇಕೆಂದು ಹಟ ಹಿಡಿದಿದ್ದಾಳೆ” ಎಂದಳು. ಬಾತಿನ ಹುಟ್ಟುಹಬ್ಬವೆಂದರೇನೆಂದು ವಿಚಾರಿಸಲಾಗಿ, ನೀರಿನಲ್ಲಿ ತೇಲುವ ಆ ಹಳದಿಯ ರಬ್ಬರು ಬಾತನ್ನು ಮುಂದಿಟ್ಟುಕೊಂಡು ಅಲಂಕಾರ, ತಿಂಡಿ, ಆಟ ಎಲ್ಲವನ್ನೂ ಅದಕ್ಕೆ ಒಪ್ಪುವಂತೆ ಮಾಡುವುದೆಂದು ತಿಳಿಯಿತು. ಮಾರ್ಕಂಡೇಯನನ್ನೂ ಏಳು ಮಂದಿ ಚಿರಂಜೀವಿಗಳನ್ನೂ ನೆನೆದು, ಎಳ್ಳು ಬೆಲ್ಲ ಬೆರೆಸಿದ ಹಾಲನ್ನು ಮಗುವಿಗೆ ಕುಡಿಸತಕ್ಕ ದಿನದಲ್ಲಿ ರಬ್ಬರಿನ ಪಕ್ಷಿಗೇನು ಕೆಲಸವೆಂದು ನಾವು ಸ್ವಲ್ಪ ಬಿರುಸಾಗಿಯೇ ಕೇಳಿದೆವು. “ಹಾಲು ಬೆಳಿಗ್ಗೆ, ಬಾತು ಸಂಜೆಗೆ” ಎಂದು ಮಗಳು ಉತ್ತರ ಕೊಟ್ಟಳು. ಇದಕ್ಕೆ ಪ್ರತ್ಯುತ್ತರ ನಮಗೆ ತೋಚಲಿಲ್ಲ.

ಹೆಸರನ್ನೇ ಮೊದಲು ವಿಚಾರಿಸೋಣ. ಉಪಾಧ್ಯಾಯರ ಚಾಳಿ ನಿವೃತ್ತಿಯಿಂದ ಹೋಗತಕ್ಕದ್ದಲ್ಲ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬವನು ರಬ್ಬರನ್ನು ಗಂಧಕದೊಡನೆ ಕಾಯಿಸಿ ಹದಗೊಳಿಸುವ ಉಪಾಯವನ್ನು 1839ರಲ್ಲಿ ಕಂಡುಕೊಂಡು, 1844ರಲ್ಲಿ ಅದಕ್ಕೆ ಹಕ್ಕುಪತ್ರವನ್ನು ಪಡೆದನು. ಆ ಶತಮಾನ ಮುಗಿಯುವುದರೊಳಗೆ ರಬ್ಬರಿನ ಆಟಿಕೆಗಳೂ ಹುಟ್ಟಿಕೊಂಡವು. ತೇಲುವ ಬಾತಿನ ಈಗಿನ ದುಂಡು ರೂಪಕ್ಕೆ 1940ರ ದಶಕದಲ್ಲಿ ಪೀಟರ್ ಗಾನೈನ್ ಎಂಬ ಶಿಲ್ಪಿಯು ಮಾಡಿದ ಬೊಂಬೆಯು ಮಾದರಿಯಾಯಿತೆಂದು ಹೇಳುವರು. ಈಗ ಅಂಗಡಿಯಲ್ಲಿ ಸಿಕ್ಕುವುದಾದರೋ ಬಹುಮಟ್ಟಿಗೆ ವೈನಿಲ್ ಎಂಬ ಪ್ಲಾಸ್ಟಿಕ್ಕು. ರಬ್ಬರು ಅದರಲ್ಲಿ ಇಲ್ಲವೇ ಇಲ್ಲ. ಕೆಸರಿನಲ್ಲಿ ಹುಟ್ಟಿದ್ದೆಲ್ಲವೂ ಪಂಕಜವಲ್ಲವೆಂದು ಹುಡುಗರಿಗೆ ಎಷ್ಟೋ ವರ್ಷ ಹೇಳಿಕೊಟ್ಟೆವು. ರಬ್ಬರಿಲ್ಲದ ರಬ್ಬರು ಬಾತು ಅದಕ್ಕಿಂತಲೂ ಒಳ್ಳೆಯ ಉದಾಹರಣೆಯಾಗುತ್ತಿತ್ತು. ನಮ್ಮ ಸೀಮೆಯಲ್ಲಿ ಈ ಪಕ್ಷಿಗೆ ಕನ್ನಡದಲ್ಲಿ ಬಾತು, ಮರಾಠಿಯಲ್ಲಿ ಬದಕ, ಉರ್ದುವಿನಲ್ಲಿ ಬತಖ್. ಹುಮನಾಬಾದಿನ ಓಣಿಯ ಮಕ್ಕಳು ಒಂದೇ ಆಟದಲ್ಲಿ ಮೂರನ್ನೂ ಕೂಗುವುದನ್ನು ನಾವು ಕೇಳಿದ್ದೇವೆ. ನಮ್ಮ ಕವಿಗಳ ಚಕ್ರವಾಕ, ಅಂದರೆ ಜಕ್ಕವಕ್ಕಿಯೂ ಬಾತಿನ ಜಾತಿಯದೇ. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ದಖ್ಖನಿನ ಕೆರೆಗಳಿಗೆ ಇಳಿದು ಬರುವ ಆ ಹೊಂಬಣ್ಣದ ಹಕ್ಕಿಯ ಮುಂದೆ ಪ್ಲಾಸ್ಟಿಕ್ಕಿನ ಹಳದಿ ಎಷ್ಟರದು? ಆದರೆ ನಾಲ್ಕು ವರ್ಷದ ಮಗುವಿನೊಡನೆ ಈ ವಾದ ನಡೆಯುವುದಿಲ್ಲ.

ಮಕ್ಕಳ ನೀರಾಟವೆಂದರೆ ಮೂಗು ಮುರಿಯುವ ಹಿರಿಯರು ನಮ್ಮ ಊರಿನ ಹಳೆಯ ದೊರೆಯೊಬ್ಬನನ್ನು ನೆನೆಯಬೇಕು. ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಐದು ವಿಂಶತಿ, ನೂರು ಅಧ್ಯಾಯ. ರಾಜ್ಯಭಾರದಿಂದ ಆರಂಭಿಸಿದ ಆ ಮಹಾರಾಯನು ಕೊನೆಯ ವಿಂಶತಿಯನ್ನು ಪೂರ್ತಿಯಾಗಿ ಕ್ರೀಡೆಗಳಿಗೆ ಬಿಟ್ಟಿದ್ದಾನೆ: ಉಯ್ಯಾಲೆ, ನೀರೆರಚಾಟ, ಜಲಕ್ರೀಡೆ, ಮರಳಿನ ಆಟ, ಒಗಟು. ಚಕ್ರವರ್ತಿಗೆ ಗೌರವ ಕುಂದದ ನೀರಾಟ ಮೊಮ್ಮಗಳಿಗೆ ಕುಂದೀತೆ?

ನಮ್ಮ ಆಕ್ಷೇಪಣೆಯಿದ್ದುದು ಬಾತಿನ ಮೇಲಲ್ಲ, ಆಡಂಬರದ ಮೇಲೆ. ಈಚೆಗೆ ಮೊದಲನೆಯ ವರ್ಷದ ಹುಟ್ಟುಹಬ್ಬಕ್ಕೂ ಕಲ್ಯಾಣಮಂಟಪವನ್ನು ಹಿಡಿಯುತ್ತಾರೆ. ಅಂಥದೊಂದಕ್ಕೆ ನಾವೂ ಹೋಗಿದ್ದೆವು. ಮಗುವಿಗಿಂತ ಕೇಕು ಎತ್ತರವಾಗಿತ್ತು. ಧ್ವನಿವರ್ಧಕದ ಆರ್ಭಟಕ್ಕೆ ಮಗು ಬೆಚ್ಚಿ ಅತ್ತು ಅತ್ತು, ದೀಪ ಆರಿಸುವ ಹೊತ್ತಿಗೆ ನಿದ್ರೆ ಹೋಗಿತ್ತು. ಎಬ್ಬಿಸಿ ಛಾಯಾಚಿತ್ರ ತೆಗೆಸಿದರು. ಆದಕಾರಣ ಮಗಳಿಗೆ ನಾವು ಹೇಳಿದ್ದು ಇಷ್ಟು: ನಾಲ್ಕು ವರ್ಷದ ಮಗುವಿಗೆ ನಾಲ್ಕಾರು ಮಂದಿ ಗೆಳೆಯರು ಸಾಕು, ಹೆಚ್ಚೆಂದರೆ ಎಂಟು. ಮಧ್ಯಾಹ್ನದ ನಿದ್ರೆ ತೀರಿದ ಮೇಲೆ ಒಂದೂವರೆ ಗಂಟೆಯ ಕಾಲ ಸಾಕು. ಉಡುಗೊರೆ ಬೇಡವೆಂದು ಮೊದಲೇ ತಿಳಿಸತಕ್ಕದ್ದು. ಓಣಿಯಲ್ಲಿ ಕೂಲಿಯಿಂದ ಬದುಕುವವರ ಮಕ್ಕಳೂ ಇದ್ದಾರೆ. ಕೈ ಬರಿದೆಂಬ ಸಂಕೋಚಕ್ಕೆ ಒಬ್ಬ ತಾಯಿ ತನ್ನ ಮಗುವನ್ನು ಕಳುಹಿಸದಿದ್ದರೆ ಆ ಉತ್ಸವದ ಶೋಭೆ ಅಲ್ಲಿಗೇ ಹೋಯಿತು.

ಬಾತುಗಳನ್ನು ಕೊಳ್ಳುವಾಗ ಗೃಹಿಣಿಯರು ಎರಡು ಸಂಗತಿಗಳನ್ನು ನೋಡಬೇಕು. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐ.ಎಸ್.ಐ. ಮುದ್ರೆ ಕಡ್ಡಾಯವೆಂಬ ಕೇಂದ್ರ ಸರ್ಕಾರದ ಆಜ್ಞೆ 2021ರ ಜನವರಿ 1ರಿಂದ ಜಾರಿಗೆ ಬಂದಿದೆ. ವೀರಭದ್ರೇಶ್ವರನ ಜಾತ್ರೆಯಲ್ಲಿ ಹಾಸಿದ ಬಟ್ಟೆಯ ಮೇಲೆ ರಾಶಿ ಹಾಕಿ ಮಾರುವುದರಲ್ಲಿಯೂ ಮುದ್ರೆಯನ್ನು ಹುಡುಕಿಯೇ ಕೊಳ್ಳಿರಿ. ಬಾಯಿಗಿಡದ ಆಟಿಕೆ ಮಕ್ಕಳಿಗೆ ಇಲ್ಲವಷ್ಟೆ. ಎರಡನೆಯದು, ಹೊಟ್ಟೆಯ ಕೆಳಗಿನ ತೂತು. ಹಿಚುಕಿದರೆ ಪೀಪಿಯಂತೆ ಕೂಗುವುದು ಆ ತೂತಿನಿಂದಲೇ. ಆದರೆ ನೀರೂ ಅದರೊಳಗೇ ಸೇರಿ, ಒಣಗದೆ, ಲೋಳೆಯೂ ಬೂಷ್ಟೂ ಬೆಳೆಯುತ್ತದೆ. ಸ್ವಿಟ್ಜರ್ಲೆಂಡಿನ ಮತ್ತು ಅಮೆರಿಕದ ವಿಜ್ಞಾನಿಗಳು ಬಳಸಿದ ಸ್ನಾನದಾಟಿಕೆಗಳನ್ನು ಕೊಯ್ದು ನೋಡಿ 2018ರಲ್ಲಿ ಇದನ್ನು ಪ್ರಕಟಿಸಿದ್ದಾರೆ. ಮಗು ಹಿಚುಕಿದಾಗ ಆ ಕೊಳೆನೀರು ನೆಟ್ಟಗೆ ಮುಖಕ್ಕೆ ಹಾರುವುದು. ತೂತಿಲ್ಲದ್ದನ್ನೇ ತರುವುದು ಮೇಲು.

ಈಗ ಮೇಲೆ ಹೇಳಿದ ಪ್ರಾಣಸಂಕಟದ ವಿಷಯ. ಅದು ಅದಕ್ಕೆ ಹಿಂದಿನ ವರ್ಷದ ಬೇಸಿಗೆ, ನಮ್ಮದೇ ಅಂಗಳ. ಮಕ್ಕಳು ರಜೆಗೆ ಬಂದಿದ್ದರು: ಮೂರು ವರ್ಷದ ಈ ಮೊಮ್ಮಗಳು, ಮತ್ತು ನಮ್ಮ ಮಗನ ಕೂಸು, ಒಂದೂವರೆ ವರ್ಷದವನು. ಸೆಕೆಗೆಂದು ಅಗಲವಾದ ಪ್ಲಾಸ್ಟಿಕ್ ಬಾನಿಯಲ್ಲಿ ನೀರು ತುಂಬಿ ಎರಡು ಬಾತುಗಳನ್ನು ಬಿಟ್ಟಿದ್ದೆವು. ನೀರು ನಮ್ಮ ಮೊಣಕೈಯಷ್ಟೂ ಆಳವಿರಲಿಲ್ಲ. ಹೆಂಗಸರು ಒಳಗೆ ಅಡಿಗೆಯಲ್ಲಿದ್ದರು, ಕಾವಲು ನಮ್ಮದು. ಆಗ ಹಳೆಯ ಶಿಷ್ಯನೊಬ್ಬ ಬಂದು, ಯಾವುದೋ ಸಮಾಸದ ವಿಗ್ರಹವಾಕ್ಯದಲ್ಲಿ ಸಂಶಯವಿದೆಯೆಂದನು. ನಮಗೆ ಬೇಕಾದದ್ದೂ ಅದೇ. ಬಹುವ್ರೀಹಿಯೋ ಕರ್ಮಧಾರಯವೋ ಎಂದು ವಾದ ಮಾಡುತ್ತ ಬಾನಿಗೆ ಬೆನ್ನು ಹಾಕಿ ಕುಳಿತೆವು. ಎಷ್ಟು ಹೊತ್ತೆಂದು ಹೇಳಲಾರೆವು, ಬಹಳ ಹೊತ್ತಲ್ಲ. ಮೊಮ್ಮಗಳು ಬಂದು ಧೋತರದ ಸೆರಗನ್ನು ಎಳೆದು, “ಅಜ್ಜಾ, ತಮ್ಮ ಬಾತಿನ ಮುಖ ನೋಡುತ್ತಿದ್ದಾನೆ” ಎಂದಳು. ತಿರುಗಿದೆವು. ಕೂಸಿನ ಎರಡು ಕಾಲುಗಳು ಬಾನಿಯ ಹೊರಗೆ, ತಲೆ ನೀರಿನೊಳಗೆ.

ಎತ್ತಿದೆವು, ಕೆಮ್ಮಿದನು, ವಾಂತಿ ಮಾಡಿದನು, ಆಮೇಲೆ ಅತ್ತನು. ಆ ಅಳುವಿನಷ್ಟು ಇಂಪಾದ ಶಬ್ದವನ್ನು ನಾವು ಮತ್ತೆ ಕೇಳಿಲ್ಲ. ವೈದ್ಯರು ಒಂದು ರಾತ್ರಿ ಇಟ್ಟುಕೊಂಡು ನೋಡಿ ಮನೆಗೆ ಕಳುಹಿಸಿದರು. ಮುಳುಗುವ ಮಗು ಕೂಗುವುದಿಲ್ಲ, ನೀರನ್ನು ಬಡಿಯುವುದೂ ಅಪರೂಪವೆಂದು ಅವರು ಹೇಳಿದರು. ಸಣ್ಣ ಮಕ್ಕಳಿಗೆ ಮೈಯ ಅಳತೆಗೆ ತಲೆ ಭಾರ. ಬಗ್ಗಿ ಆಯ ತಪ್ಪಿತೆಂದರೆ ತಾವಾಗಿ ಏಳಲಾರವು. ಗೇಣು ನೀರು ಸಾಕು, ನಿಮಿಷಗಳು ಸಾಕು. ಮೂವತ್ತನಾಲ್ಕು ವರ್ಷ ತರಗತಿಯ ಹಿಂದಿನ ಸಾಲಿನ ಪಿಸುಮಾತನ್ನೂ ಹಿಡಿಯುತ್ತಿದ್ದೆವೆಂದು ಹೆಮ್ಮೆ ಪಡುತ್ತಿದ್ದ ನಮಗೆ ಬೆನ್ನ ಹಿಂದಿನ ಆ ಮೌನ ಕೇಳಿಸಲಿಲ್ಲ. ಸೊಸೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಹಗುರವಾಗುತ್ತಿತ್ತು.

ಆದುದರಿಂದ ಹುಮನಾಬಾದಿನಲ್ಲಿ ಬಾತಿನ ಹಬ್ಬವೆಂದಾಗ ನಮ್ಮ ಬಿರುಸಿಗೆ ನಿಜವಾದ ಕಾರಣ ಮಾರ್ಕಂಡೇಯನಲ್ಲವೆಂಬುದು ಮಗಳಿಗೆ ಗೊತ್ತಿತ್ತು. ನೀರನ್ನೇ ಬಿಟ್ಟುಬಿಡೋಣವೇ ಎಂದು ಅವಳೂ ಯೋಚಿಸಿದ್ದಳಂತೆ. ಬೀಗಿತ್ತಿಯವರ ಆಕ್ಷೇಪಣೆ ಬೇರೆ ಬಗೆಯದು: “ಬ್ಯಾಸಗ್ಯಾಗ ನಾಲ್ಕು ಕೊಡ ನೀರು ಬಾತಿಗಿ ಹಾಕ್ತೀರೇನು?” ನಮ್ಮ ಸೀಮೆಯ ವೈಶಾಖವನ್ನು ಕಂಡವರಿಗೆ ಈ ಮಾತು ಜಿಪುಣತನವೆಂದು ತೋರದು. ಕೊನೆಗೆ, ಆಟವಾದ ಮೇಲೆ ಆ ನೀರೆಲ್ಲ ಮಲ್ಲಿಗೆಗೂ ಕರಿಬೇವಿಗೂ ಹೋಗತಕ್ಕದ್ದೆಂತಲೂ, ನೀರಿನ ಕಾವಲಿಗೆ ಒಬ್ಬರೇ ಒಬ್ಬರನ್ನು ಹೆಸರು ಹಿಡಿದು ನೇಮಿಸತಕ್ಕದ್ದೆಂತಲೂ ತೀರ್ಮಾನವಾಯಿತು. ಎಲ್ಲರೂ ನೋಡಿಕೊಳ್ಳುತ್ತಾರೆಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಆ ಕಾವಲುಗಾರನಿಗೆ ದೂರವಾಣಿ ಕೂಡದು, ಬಡಿಸುವ ಕೆಲಸ ಕೂಡದು, ಅತಿಥಿಗಳ ಉಪಚಾರ ಕೂಡದು. ಏಳಬೇಕಾದರೆ ಇನ್ನೊಬ್ಬರನ್ನು ಕೂರಿಸಿಯೇ ಏಳಬೇಕು. ಕೆಲಸವನ್ನು ನಾವು ಕೇಳಿ ಪಡೆದೆವು. ಮಗಳು ಒಂದು ಕ್ಷಣ ತಡೆದು, ಆಗಲಿ ಎಂದಳು.

ಆಟ ಬಹು ಸುಲಭ. ಬಾತುಗಳ ಹೊಟ್ಟೆಯ ಕೆಳಗೆ ಅಳಿಸದ ಮಸಿಯಿಂದ ಕನ್ನಡದ ಅಂಕೆಗಳನ್ನು ಬರೆದಿದ್ದೆವು. ತಂತಿಯ ಬಳೆ ಕಟ್ಟಿದ ಕೋಲಿನಿಂದ ಒಂದನ್ನು ಎತ್ತಿ, ಅಂಕೆಯನ್ನೋದಿ, ಅಷ್ಟು ಸಲ ಕುಪ್ಪಳಿಸಬೇಕು. ಎಂಟರ ಬಾತು ಸಿಕ್ಕಿದವನು ಆರಕ್ಕೇ ಕುಳಿತುಬಿಟ್ಟನು. ಬಾನಿಯಲ್ಲಿ ನೀರು ಗೇಣಿಗಿಂತ ಕಡಿಮೆ. ಬಲೂನುಗಳನ್ನು ನಾವೇ ಬೇಡವೆಂದೆವು. ಒಡೆದ ಚೂರು ಗಂಟಲಿಗೆ ಅಂಟಿದರೆ ಉಸಿರು ಕಟ್ಟುವುದು. ಬದಲು ಹಳದಿಯ ಕಾಗದದ ತೋರಣ.

ತಿಂಡಿಗೆ ಚಿತ್ರಾನ್ನ, ಬಾಳೆಹಣ್ಣು ಮತ್ತು ಶಿರಾ. ನಮ್ಮ ಕಡೆ ಶಿರಾ ಎನ್ನುವುದನ್ನು ಮೈಸೂರಿನ ಕಡೆಯವರು ಕೇಸರಿಬಾತು ಎನ್ನುತ್ತಾರೆಂದು ಹೇಳಿದ್ದೇ ತಡ, ಮಕ್ಕಳು ನಕ್ಕು ನಕ್ಕು ಬಿದ್ದರು. ಚಿತ್ರಾನ್ನಕ್ಕೆ ಶೇಂಗಾ ಹಾಕಲಿಲ್ಲ. ಶೇಂಗಾ ಇಲ್ಲದೆ ನಮ್ಮ ಸೀಮೆಯಲ್ಲಿ ಅಡಿಗೆಯುಂಟೆ ಎಂದು ಬೀಗಿತ್ತಿಯವರು ಬೇಸರಪಟ್ಟರು. ಆದರೆ ಇಡೀ ಕಾಳು ಐದು ವರ್ಷದೊಳಗಿನವರಿಗೆ ಅಪಾಯ, ಅದರಲ್ಲಿಯೂ ನಗುತ್ತ ಓಡುತ್ತ ತಿನ್ನುವಾಗ. ದ್ರಾಕ್ಷಿಯನ್ನಾದರೆ ಉದ್ದಕ್ಕೆ ಸೀಳಿ ಕೊಡಬೇಕು.

ತಿಂಡಿಗೆ ಮುಂಚೆ, ಕುಳಿತಲ್ಲಿಂದಲೇ, ಬಾನಿಯಿಂದ ಕಣ್ಣು ಕೀಳದೆ, ಒಂದು ಕಥೆ ಹೇಳಿದೆವು. ಕಥೆಯಲ್ಲ, ನಡೆದದ್ದು. 1992ರ ಜನವರಿಯಲ್ಲಿ ಪೆಸಿಫಿಕ್ ಮಹಾಸಾಗರದ ಬಿರುಗಾಳಿಗೆ ಸಿಕ್ಕಿದ ಒಂದು ಹಡಗಿನಿಂದ ದೊಡ್ಡ ಪೆಟ್ಟಿಗೆಗಳು ಸಮುದ್ರಕ್ಕೆ ಬಿದ್ದವು. ಒಂದರಲ್ಲಿ 28,800 ಸ್ನಾನದಾಟಿಕೆಗಳಿದ್ದವು: ಹಳದಿಯ ಬಾತು, ನೀಲಿಯ ಆಮೆ, ಹಸುರು ಕಪ್ಪೆ, ಕೆಂಪು ಬೀವರ್. ಪೆಟ್ಟಿಗೆ ಒಡೆದು ಎಲ್ಲವೂ ತೇಲಿ ಹೊರಟವು. ಹತ್ತು ತಿಂಗಳ ಮೇಲೆ ಸುಮಾರು 3,200 ಕಿಲೋಮೀಟರು ದೂರದ ಅಲಾಸ್ಕಾದ ಸಿಟ್ಕಾ ಊರಿನ ಬಳಿ ಮೊದಲನೆಯವು ದಡ ಸೇರಿದವು. ಕರ್ಟಿಸ್ ಎಬ್ಬೆಸ್‌ಮೆಯರ್ ಎಂಬ ಸಮುದ್ರವಿಜ್ಞಾನಿಯು ಯಾವ ಬಾತು ಯಾವ ದಡಕ್ಕೆ ಯಾವಾಗ ಬಂದಿತೆಂದು ಕೂಡಿಹಾಕಿ, ಸಾಗರದ ಪ್ರವಾಹಗಳ ಲೆಕ್ಕವನ್ನು ಒರೆಗೆ ಹಚ್ಚಿದನು. “ಅವುಗಳ ಅವ್ವ ಎಲ್ಲಿದ್ದಳು?” ಎಂದು ಒಂದು ಮಗು ಕೇಳಿತು. ಇದಕ್ಕೆ ವಿಜ್ಞಾನದಲ್ಲಿ ಉತ್ತರವಿಲ್ಲ.

ಮಕ್ಕಳು ತಿಂಡಿಗೆ ಒಳಗೆ ಹೋದರು. ಮಗನ ಕೂಸೂ ಬಂದಿದ್ದನು. ಈಗ ಎರಡೂವರೆ ವರ್ಷ. ಅವನು ಮಾತ್ರ ಬಾನಿಯ ಬಳಿ ಉಳಿದು, ಒಂದು ಕೈಯಿಂದ ನಮ್ಮ ಮೊಣಕಾಲನ್ನು ಹಿಡಿದು, ಇನ್ನೊಂದರಿಂದ ಬಾತನ್ನು ತಳ್ಳುತ್ತಿದ್ದನು. ಸೊಸೆ ಬಾಗಿಲಲ್ಲಿ ಬಂದು ನಿಂತು ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಹೋದಳು. ಅವನನ್ನು ಕರೆದೊಯ್ಯಲಿಲ್ಲ.

ನೀರನ್ನು ಗಿಡಗಳಿಗೆ ಸುರಿದು, ಬಾನಿಯನ್ನು ಬೋರಲು ಹಾಕಿ, ಬಾತುಗಳನ್ನು ಬಿಸಿಲಿಗೆ ಸಾಲಾಗಿಟ್ಟ ಮೇಲೆ ನಾವು ತಿಂಡಿಗೆ ಕುಳಿತೆವು. ಶಿರಾ ಆರಿ ತಣ್ಣಗಾಗಿತ್ತು. ಮೊಮ್ಮಗಳು ಮುಂದಿನ ವರ್ಷ ಆನೆಯ ಹುಟ್ಟುಹಬ್ಬವೆಂದು ಆಗಲೇ ಸಾರಿಬಿಟ್ಟಿದ್ದಳು. ಆನೆಗೆ ಎಷ್ಟು ಕೊಡ ನೀರು ಬೇಕಾದೀತೆಂದು ಬೀಗಿತ್ತಿಯವರು ನಮ್ಮನ್ನು ಕೇಳಿದರು.