ಮಿನಿಮಮ್ ಡ್ಯೂ ಅನ್ನೋ ಬಡ್ಡಿ ಲೆಕ್ಕ



ಇವತ್ತು ಕ್ರೆಡಿಟ್ ಕಾರ್ಡ್ ಬಗ್ಗೆ ಬರೀತಿದೀನಿ. ಇದೂ ಚಳವಳಿ ವಿಷಯಾನಾ ಅಂತ ಕೇಳೋರು ದಯವಿಟ್ಟು ಕೊನೆವರೆಗೂ ಓದಿ. ರೂಪಾಯಿಯ ಸಮಸ್ಯೆ ಬಗ್ಗೆ 1923ರಲ್ಲೇ ಪುಸ್ತಕ ಬರೆದವರು ಬಾಬಾಸಾಹೇಬರು. ದುಡ್ಡಿನ ಲೆಕ್ಕ ನಮ್ಮದಲ್ಲ ಅನ್ನೋಕೆ ಅವರ ಅನುಯಾಯಿಗಳಿಗೆ ಹಕ್ಕಿಲ್ಲ.

ನಮ್ಮ ಹುಡುಗ ಹುಡುಗೀರು ಬೆಂಗಳೂರಲ್ಲಿ 25 ಸಾವಿರದ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿರಲ್ಲ, "ಕಾರ್ಡ್ ಬೇಕಾ ಸರ್" ಅಂತ ಫೋನ್ ಶುರು. ತಲೆಮಾರಿನಿಂದ ಜಮೀನು ಇರೋ ಮೇಲ್ಜಾತಿ ಮನೆ ಹುಡುಗನಿಗೂ ಅದೇ ಕಾರ್ಡ್, ಅದೇ ಬಡ್ಡಿ. ಆದ್ರೆ ಅವನಿಗೆ ಬಿಲ್ ಕಟ್ಟೋಕೆ ಆಗದಿದ್ರೆ ಅಪ್ಪನ ಪೆನ್ಷನ್ ಇದೆ, ಊರಲ್ಲಿ ತೋಟ ಇದೆ. ನಮ್ಮ ಹುಡುಗನ ಹಿಂದೆ ಯಾರೂ ಇಲ್ಲ. ಅವನೇ ಹತ್ತು ಜನರ ಹಿಂದೆ ನಿಂತಿರ್ತಾನೆ. ಅವ್ವನ ಆಪರೇಷನ್ ಅಡ್ವಾನ್ಸು, ತಂಗಿಯ ನರ್ಸಿಂಗ್ ಫೀಸು, ಮನೆ ಮೇಲಿನ ಶೀಟು, ಎಲ್ಲಾ ಅದೊಂದೇ ಕಾರ್ಡ್ ಮೇಲೆ.

ಅದಕ್ಕೇ "ಶೋಕಿಗೆ ಸಾಲ ಮಾಡ್ತಾರೆ" ಅನ್ನೋ ಮಾತನ್ನ ನಾನು ಒಪ್ಪಲ್ಲ. ಒಳ್ಳೆ ಬಟ್ಟೆ, ಒಳ್ಳೆ ಫೋನು ನಮಗೆ ಶೋಕಿ ಅಲ್ಲ, ಘನತೆ. ಚಪ್ಪಲಿ ಮೆಟ್ಟಿ ಊರೊಳಗೆ ನಡೆಯೋಕೂ ಬಿಡದಿದ್ದ ಸಮಾಜ ನಮಗೆ ಉಳಿತಾಯದ ಪಾಠ ಹೇಳೋದು ಬೇಡ. ಆದ್ರೆ ಆ ಘನತೆಗೆ ವರ್ಷಕ್ಕೆ ನೂರಕ್ಕೆ 42ರ ಬಡ್ಡಿ ಯಾಕೆ ಕಟ್ಟಬೇಕು?

ಲೆಕ್ಕ ನೋಡಿ. ಬಿಲ್ಲಲ್ಲಿ "ಮಿನಿಮಮ್ ಡ್ಯೂ" ಅಂತ ಇರುತ್ತಲ್ಲ, ಅದನ್ನ ಕಟ್ಟಿದ್ರೆ ಲೇಟ್ ಫೀ ತಪ್ಪುತ್ತೆ, ಬಡ್ಡಿ ತಪ್ಪಲ್ಲ. 50 ಸಾವಿರ ಬಾಕಿ, ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ ಅಂತಿಟ್ಕೊಳ್ಳಿ. ಬಡ್ಡಿ 1,750. ಬಡ್ಡಿ ಮೇಲೆ ಶೇ. 18 ಜಿಎಸ್‌ಟಿ, 315. ಒಟ್ಟು 2,065. ನೀವು ಬಾಕಿಯ ಶೇ. 5ರಂತೆ 2,500 ಕಟ್ಟಿದ್ರೆ ಅಸಲಿಗೆ ಹೋಗಿದ್ದು ಬರೀ 435. ಹೀಗೇ ವರ್ಷಪೂರ್ತಿ 28 ಸಾವಿರಕ್ಕೂ ಹೆಚ್ಚು ಕಟ್ಟಿದ್ರೂ ಸಾಲ ಇನ್ನೂ 45 ಸಾವಿರದ ಹತ್ರಾನೇ ಇರುತ್ತೆ. ಅದೂ ಹೊಸದಾಗಿ ಒಂದು ರೂಪಾಯಿನೂ ಖರ್ಚು ಮಾಡದಿದ್ರೆ. ಬಾಕಿ ಉಳಿಸಿಕೊಂಡ ಮೇಲೆ ಹೊಸ ಖರ್ಚಿಗೂ ಖರೀದಿ ಮಾಡಿದ ದಿನದಿಂದಲೇ ಬಡ್ಡಿ ಬೀಳುತ್ತೆ.

ವರ್ಷಕ್ಕೆ ಶೇ. 30 ಮೀರಿದ ಕಾರ್ಡ್ ಬಡ್ಡಿ ಅನ್ಯಾಯದ ವ್ಯಾಪಾರ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ರದ್ದು ಮಾಡಿತು. ಈಗ ಮಿತಿ ಹಾಕ್ಕೋಬೇಕಾದೋರು ನಾವೇ.

ಇದನ್ನ ಜೀತ ಅಂತ ಬರೆಯೋಕೆ ಕೈ ಹೋಗುತ್ತೆ. ಬರೆಯಲ್ಲ. ಜೀತ ಮಾಡಿದ ನಮ್ಮ ಹಿರಿಯರಿಗೆ ಅದು ಅವಮಾನ. 1976ರ ಕಾಯ್ದೆ ಜೀತದ ಸಾಲವನ್ನೇ ಅಳಿಸಿ ಹಾಕಿತು. ಕಾರ್ಡ್ ಸಾಲವನ್ನ ಹಾಗೆ ಯಾರೂ ಅಳಿಸಲ್ಲ. ಆದ್ರೆ ಎಷ್ಟು ದುಡಿದರೂ ಅಸಲು ಕರಗದ ಲೆಕ್ಕ ನಮ್ಮ ಕೇರಿಗೆ ಹೊಸದೇನಲ್ಲ.

ಹಾಗಂತ ಕಾರ್ಡ್ ಮುರಿದು ಬಿಸಾಕಿ ಅನ್ನಲ್ಲ. ಪೂರ್ತಿ ಬಿಲ್ ಗಡುವಿನೊಳಗೆ ಕಟ್ಟೋರಿಗೆ 45-50 ದಿನದವರೆಗೆ ಬಡ್ಡಿಯಿಲ್ಲದ ದುಡ್ಡು ಸಿಗುತ್ತೆ. ಆಟೋ ಡೆಬಿಟ್ ಹಾಕೋದಾದ್ರೆ "ಟೋಟಲ್ ಡ್ಯೂ"ಗೇ ಹಾಕಿ. ಕಾರ್ಡಿಂದ ಎಟಿಎಂನಲ್ಲಿ ಕ್ಯಾಶ್ ತೆಗೀಬೇಡಿ, ಶುಲ್ಕದ ಜೊತೆ ಅವತ್ತಿಂದಲೇ ಬಡ್ಡಿ. ಬಾಕಿ ಬೆಳೆದಿದ್ರೆ ಕಾರ್ಡ್ ಉಜ್ಜೋದು ನಿಲ್ಲಿಸಿ, ಕಡಿಮೆ ಬಡ್ಡಿಯ ಇಎಂಐ ಮಾಡಿಕೊಡಿ ಅಂತ ಬ್ಯಾಂಕಿಗೆ ಬರೆದು ಕೇಳಿ. ಒಂದು ಕಾರ್ಡ್ ತೀರಿಸೋಕೆ ಇನ್ನೊಂದು ಕಾರ್ಡ್, ಲೋನ್ ಆ್ಯಪ್ ಖಂಡಿತ ಬೇಡ.

ವಸೂಲಿಯವರಿಗೆ ಹೆದರಬೇಡಿ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಅವರು ಫೋನ್ ಮಾಡೋ ಹಾಗಿಲ್ಲ. ಬೈಯೋದು, ಬೆದರಿಸೋದು, ನೆಂಟರ ಮುಂದೆ ಮಾನ ಕಳೆಯೋದು ಆರ್‌ಬಿಐ ನಿಯಮಕ್ಕೆ ವಿರುದ್ಧ. ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಿ. ಅದಕ್ಕೆ ಫೀಸೂ ಇಲ್ಲ, ವಕೀಲರೂ ಬೇಕಿಲ್ಲ.

ಇನ್ನು ನಮ್ಮ ಸಂಘಟನೆಗಳ ನಾಯಕರಿಗೆ ಒಂದು ಮಾತು, ಬೇಜಾರಾದ್ರೂ ಪರವಾಗಿಲ್ಲ. ಏಪ್ರಿಲ್ 14 ಹತ್ರ ಬಂತು ಅಂದ್ರೆ ಫ್ಲೆಕ್ಸು, ಪೆಂಡಾಲು, ಬಸ್ಸು, ಊಟ. "ಸದ್ಯಕ್ಕೆ ನೀನ್ ಕಾರ್ಡ್ ಉಜ್ಜಪ್ಪ, ಕಲೆಕ್ಷನ್ ಆದ್ಮೇಲೆ ಕೊಡೋಣ." ಆ ಕಲೆಕ್ಷನ್ ಎಷ್ಟು ತಿಂಗಳಿಗೆ ಬರುತ್ತೆ ಅಂತ ನಮಗೆಲ್ಲ ಗೊತ್ತು. ಹುಡುಗ ಸಂಕೋಚಕ್ಕೆ ಕೇಳಲ್ಲ, ಸುಮ್ನೆ ಬಡ್ಡಿ ಕಟ್ತಾನೆ. ಆಮೇಲೆ ಸಭೆಗೆ ಬರೋದೇ ನಿಲ್ಲಿಸ್ತಾನೆ. ಆಗ ನಾವೇ "ಕೆಲಸ ಸಿಕ್ತು, ಸಮಾಜ ಮರೆತ" ಅಂತೀವಿ. ಮೊದಲು ಕಲೆಕ್ಷನ್, ಆಮೇಲೆ ಖರ್ಚು. ದುಡ್ಡು ಕಡಿಮೆ ಬಿದ್ರೆ ಪೆಂಡಾಲ್ ಚಿಕ್ಕದಾಗಲಿ.

ಸ್ತ್ರೀಶಕ್ತಿ ಸಂಘದ ಅಕ್ಕಂದಿರು ವಾರ ವಾರ ಉಳಿಸಿ ತಮ್ಮೊಳಗೇ ಸಾಲ ಕೊಟ್ಕೋತಾರೆ. ಸಂಬಳ ಬರೋ ನಾವು 20 ಜನ ಸೇರಿ ತಿಂಗಳಿಗೆ 500 ಹಾಕಿದ್ರೆ ವರ್ಷಕ್ಕೆ 1 ಲಕ್ಷ 20 ಸಾವಿರ. ಯಾರ ಮನೇಲಿ ಆಸ್ಪತ್ರೆ ಖರ್ಚು ಬಂದ್ರೂ ಮೊದಲು ಕೈ ಹೋಗಬೇಕಾದ್ದು ಅಲ್ಲಿಗೆ.

ಸಾಲ ಇದ್ರೆ ಮುಚ್ಚಿಡಬೇಡಿ, ಜೊತೆಗಾರರಿಗೆ ಹೇಳಿ. ಒಂದು ತಿಂಗಳ ಸಂಬಳ ಅನ್ನೋದು ನಮ್ಮ ಮನೆಗಳಿಗೆ ಬರೋಕೆ ಎಷ್ಟೋ ತಲೆಮಾರು ಕಾದಿದೀವಿ. ಅದು ಬಡ್ಡಿಗೆ ಹೋಗೋದು ಬೇಡ.

ಜೈ ಭೀಮ್.